ಟಾಪಿನ ಮೇಲಿನ ಟೆಂಟಿಗೆ ಎಂಥ ಬೀಗ?

ಕಾರಿನ ಟಾಪಿನ ಮೇಲೆ ಟೆಂಟು ಕೂರಿಸಿಕೊಂಡು ಅಲೆಯುವುದು ಹೊಸ ಹವ್ಯಾಸವೇನಲ್ಲ. ಇಟಲಿಯ ಆಟೋಹೋಮ್ ಕಂಪನಿಯ ಮಜ್ಜೋಲಿನಾ ಹುಟ್ಟಿದ್ದು 1958ರಲ್ಲಿ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಕಾಡು, ಮರುಭೂಮಿ ಸುತ್ತುವವರಿಗೆ ಇದು ದಶಕಗಳಿಂದ ಪರಿಚಿತ. ಅಮೆರಿಕದ ನಗರವಾಸಿಗಳ ಕೈಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಮಾತ್ರ ಈಚೆಗೆ. 2017ರಲ್ಲಿ ಐಕ್ಯಾಂಪರ್‌ನ ಸ್ಕೈಕ್ಯಾಂಪ್ ಟೆಂಟಿಗೆ ಜನರಿಂದ ಹಣ ಕೂಡಿಸುವ ತಾಣವಾದ ಕಿಕ್‌ಸ್ಟಾರ್ಟರ್‌ನಲ್ಲಿ 20 ಲಕ್ಷ ಡಾಲರಿಗೂ ಹೆಚ್ಚು ಹಣ ಹರಿದುಬಂತು. ಮರುವರ್ಷ ಸ್ವೀಡನ್ನಿನ ಥೂಲೆ ಕಂಪನಿ ಕ್ಯಾಲಿಫೋರ್ನಿಯಾದ ಟೆಪೂಯಿ ಎಂಬ ಟೆಂಟು ಕಂಪನಿಯನ್ನೇ ಕೊಂಡುಕೊಂಡಿತು. ಅಲ್ಲಿಂದೀಚೆಗೆ ಅದೇ ರಾಜ್ಯದ ಬೇ ಏರಿಯಾದ ಅಪಾರ್ಟ್‌ಮೆಂಟುಗಳ ಪಾರ್ಕಿಂಗಿನಲ್ಲಿ ಟೆಂಟು ಹೊತ್ತ ಕಾರುಗಳು ಮಾಮೂಲಾಗಿವೆ. ಯೊಸೆಮಿಟಿ, ಲೇಕ್ ಟಾಹೊ ಎಂದು ಹೊರಡುವ ನಮ್ಮ ಕನ್ನಡದ ಕುಟುಂಬಗಳ ಕಾರುಗಳೂ ಅವುಗಳಲ್ಲಿವೆ.

ಈ ಟೆಂಟುಗಳ ಬಗ್ಗೆ ಬರುವ ವಿಮರ್ಶೆಗಳನ್ನು ಓದಿದರೆ ಹಾಸಿಗೆ ಎಷ್ಟು ದಪ್ಪ, ಬಿಚ್ಚಲು ಎಷ್ಟು ಹೊತ್ತು, ಮಳೆಗೆ ಸೋರುತ್ತದೆಯೇ, ಗಾಳಿಗೆ ಬಡಿದುಕೊಳ್ಳುತ್ತದೆಯೇ ಎಂಬುದೆಲ್ಲ ವಿವರವಾಗಿ ಸಿಗುತ್ತದೆ. ಸಾವಿರದಿಂದ ಐದು ಸಾವಿರ ಡಾಲರ್ ಬೆಲೆಯ ಈ ವಸ್ತು ವರ್ಷದ ಬಹುಪಾಲು ದಿನ ಬೀದಿಯಲ್ಲಿ, ಆಕಾಶದ ಕೆಳಗೆ, ಯಜಮಾನನ ಕಣ್ಣಳತೆಯ ಆಚೆ ನಿಂತಿರುತ್ತದೆ. ಆಗ ಅದನ್ನು ಹಿಡಿದಿಟ್ಟಿರುವುದು ಏನು ಎಂಬ ಪ್ರಶ್ನೆಗೆ ಮಾತ್ರ ಒಂದೆರಡು ಸಾಲು ಮೀಸಲು. ನನಗೆ ಇದು ಟೆಂಟಿನ ಗುಣದಷ್ಟೇ ಮುಖ್ಯವಾದ ಪ್ರಶ್ನೆ.

ಗೆಳೆಯರೊಬ್ಬರ ಟೆಂಟನ್ನು ಕೆಳಗಿನಿಂದ ನೋಡುವ ಅವಕಾಶ ಸಿಕ್ಕಿತ್ತು. ಬಾಗಿಲು ತೆರೆದು ಹೊಸ್ತಿಲ ಮೇಲೆ ಕಾಲೂರಿ ನಿಂತರೆ ಸಾಕು, ಎಲ್ಲವೂ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಟೆಂಟಿನ ತಳದಲ್ಲಿ ಉದ್ದಕ್ಕೆ ಎರಡು ಅಲ್ಯೂಮಿನಿಯಂ ಹಳಿಗಳು. ಅವುಗಳ ತೋಡಿನೊಳಗೆ ತಲೆ ಸಿಕ್ಕಿಸಿಕೊಂಡು ಕೆಳಕ್ಕೆ ಇಳಿಬಿದ್ದ ಬೋಲ್ಟುಗಳು. ಕ್ಯಾರಿಯರಿನ ಅಡ್ಡರಾಡನ್ನು ಅಡಿಯಿಂದ ತಬ್ಬಿ ಹಿಡಿಯಲು ಒಂದೊಂದು ಮೂಲೆಗೆ ಒಂದು ತಗಡಿನ ಪಟ್ಟಿ, ಪಟ್ಟಿಗೆ ಎರಡು ನಟ್ಟು. ಒಟ್ಟು ಎಂಟು ನಟ್ಟು, ಎಲ್ಲವೂ 8 ಮಿಲಿಮೀಟರ್ ಬೋಲ್ಟಿನವು. ಅವುಗಳಿಗೆ ಹೊಂದುವ 13 ನಂಬರಿನ ಸ್ಪ್ಯಾನರ್ ಇಲ್ಲದ ಗ್ಯಾರೇಜು ಭೂಮಿಯ ಮೇಲೆ ಇರಲಾರದು. ನಟ್ಟಿನೊಳಗೆ ನೈಲಾನ್ ಬಳೆ ಇರುವುದರಿಂದ ರಸ್ತೆಯ ಅದುರಿಗೆ ಅದು ಸಡಿಲವಾಗುವುದಿಲ್ಲ. ಹೀಗೆ ಅದುರಿಗೆ ಉತ್ತರ ಹುಡುಕಿದ ಎಂಜಿನಿಯರುಗಳು ಕಳ್ಳನ ಕೈಗೆ ಉತ್ತರ ಹುಡುಕಲಿಲ್ಲ. ಆ ಉತ್ತರವನ್ನು ಟೆಂಟು ಕೊಂಡವರೇ ಬೇರೆ ದುಡ್ಡು ಕೊಟ್ಟು ಹೊಂದಿಸಿಕೊಳ್ಳಬೇಕು. ಯಾಕಿಮಾದ ಸ್ಕೈರೈಸ್‌ನಂಥ ಕೆಲವು ಟೆಂಟುಗಳಲ್ಲಿ ಬೀಗ ಜೊತೆಗೇ ಬರುತ್ತದೆ ಎನ್ನುವುದು ಮೆಚ್ಚಬೇಕಾದ ಸಂಗತಿ. ಎಲ್ಲರೂ ಹಾಗೆ ಮಾಡಬೇಕಿತ್ತು.

50ರಿಂದ 80 ಕಿಲೋ ತೂಗುವ ವಸ್ತುವನ್ನು ಯಾರು ಕದ್ದಾರು ಎಂಬ ಸಮಾಧಾನ ಹಲವರಿಗಿದೆ. ಇಬ್ಬರು ಸೇರಿ ಅದನ್ನು ಮೇಲೇರಿಸಿದ್ದಾರೆ ಎಂದ ಮೇಲೆ ಇಬ್ಬರು ಸೇರಿ ಇಳಿಸಲೂಬಲ್ಲರು. ಪಕ್ಕದಲ್ಲೊಂದು ಪಿಕಪ್ ನಿಲ್ಲಿಸಿಕೊಂಡರೆ ಇಳಿಸುವ ಶ್ರಮವೂ ಬೇಕಿಲ್ಲ, ಪಕ್ಕಕ್ಕೆ ಜಾರಿಸಿದರಾಯಿತು. ತೂಕ ಒಂಟಿ ಕಳ್ಳನನ್ನು ತಡೆದೀತು, ಜೋಡಿಯನ್ನಲ್ಲ.

ಈಗ ಮಾರುಕಟ್ಟೆಯಲ್ಲಿರುವ ಉಪಾಯಗಳಿಗೆ ಬರೋಣ. ಮೊದಲನೆಯದು ಕೀಲಿ ಹಾಕುವ ಹಿಡಿಗಳು. ನೋಡಲು ಭದ್ರವಾಗಿ ಕಾಣುತ್ತವೆ. ಒಳಗಿರುವುದು ತೆಳು ಬಿಲ್ಲೆಗಳ ಸಾದಾ ಬೀಗ, ಆಫೀಸಿನ ಮೇಜಿನ ಖಾನೆಗೆ ಇರುವ ಜಾತಿಯದು. ಇನ್ನೊಂದು ವಿಷಯವೂ ಇದೆ. ಥೂಲೆಯ ಬೀಗಗಳಲ್ಲಿ ‘ಎನ್’ ಅಕ್ಷರದಿಂದ ಶುರುವಾಗುವ ಸಂಖ್ಯೆಯನ್ನು ಕೀಲಿಯ ಮೇಲಷ್ಟೇ ಅಲ್ಲ, ಬೀಗದ ಮುಖದ ಮೇಲೂ ಒತ್ತಿರುತ್ತಾರೆ. ಕೀಲಿ ಕಳೆದುಕೊಂಡವರು ಆ ಸಂಖ್ಯೆ ಹೇಳಿ ಇನ್ನೊಂದು ತರಿಸಿಕೊಳ್ಳಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ದಾರಿಹೋಕರೆಲ್ಲ ಓದುವಂತೆ ಅದನ್ನು ಬೀಗದ ಮೇಲೆ ಇಡುವುದು ಸರಿಯಲ್ಲ. ಸಂಖ್ಯೆಯನ್ನು ಮನೆಯಲ್ಲಿ ಬರೆದಿಟ್ಟುಕೊಂಡು ಬೀಗದ ಮೇಲಿನದನ್ನು ಉಜ್ಜಿಬಿಡುವುದು ಕ್ಷೇಮ. ಇಷ್ಟಾದರೂ ಈ ಬೀಗಗಳನ್ನು ನಾನು ತಳ್ಳಿಹಾಕುವುದಿಲ್ಲ. ಸ್ಪ್ಯಾನರ್ ಹಿಡಿದು ಬಂದವನಿಗೆ ಅವು ಬೇರೆ ಹತ್ಯಾರ ಹುಡುಕುವ ಕೆಲಸ ಹಚ್ಚುತ್ತವೆ.

ಎರಡನೆಯದು ವಿಶೇಷ ನಟ್ಟುಗಳು. ಇವುಗಳಲ್ಲಿ ಒಳ್ಳೆಯವು, ಕೆಟ್ಟವು ಎರಡೂ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಆರು ಮೂಲೆಯ ನಕ್ಷತ್ರದ ನಡುವೆ ಒಂದು ಮೊಳೆ ನೆಟ್ಟಂಥ ತಲೆಯ ಬೋಲ್ಟುಗಳಿಗೆ ಹೊಂದುವ ಬಿಟ್ಟು ಯಾವ ಹಾರ್ಡ್‌ವೇರ್ ಅಂಗಡಿಯ ಅಗ್ಗದ ಸೆಟ್ಟಿನಲ್ಲೂ ಸಿಗುತ್ತದೆ. ಅವುಗಳಿಗೆ ಹಣ ಹಾಕುವುದು ದಂಡ. ಚಕ್ರದ ಕಳ್ಳತನ ತಡೆಯಲು ಬಳಸುವ ನಟ್ಟುಗಳಂತೆ ಹೊರಮೈ ದುಂಡಗಿದ್ದು, ಮುಖದ ಮೇಲೆ ವಕ್ರವಾದ ತೋಡು ಕೊರೆದಿರುವ, ಅದಕ್ಕೆಂದೇ ಮಾಡಿದ ಸಾಕೆಟ್ಟಿಲ್ಲದೆ ತಿರುಗದ ಬಗೆಯೊಂದಿದೆ. ನನ್ನ ಮತ ಇದಕ್ಕೇ. ದುಂಡಗಿನ ಮೈಗೆ ಸ್ಪ್ಯಾನರ್ ಹಿಡಿತ ಸಿಗುವುದಿಲ್ಲ, ಟೆಂಟಿಗೂ ಕಾರಿಗೂ ನಡುವಿನ ಒಂದು ಗೇಣು ಇಕ್ಕಟ್ಟಿನಲ್ಲಿ ಗ್ರೈಂಡರ್ ಆಡುವುದೂ ಕಷ್ಟ. ಎಂಟಕ್ಕೆ ಎಂಟೂ ಬೇಕೆಂದಿಲ್ಲ, ನಾಲ್ಕು ಮೂಲೆಗೂ ಒಂದೊಂದಾದರೂ ಇರಬೇಕು. ಕರ್ಣರೇಖೆಯ ಎರಡೇ ಮೂಲೆಗೆ ಹಾಕಿ ಬಿಟ್ಟರೆ, ಉಳಿದೆರಡನ್ನು ಬಿಚ್ಚಿ ಟೆಂಟನ್ನು ಮೀಟಿ ಎಬ್ಬಿಸಬಹುದು. ಬಿಗಿ ಮಾಡಿದಾಗ ತಲೆಯೇ ಮುರಿದು ಬೀಳುವ ನಟ್ಟುಗಳೂ ಇವೆ. ಅವು ಎಲ್ಲಕ್ಕಿಂತ ಗಟ್ಟಿ, ಆದರೆ ಚಳಿಗಾಲಕ್ಕೆ ಟೆಂಟು ಇಳಿಸಿಡುವವರು ಪ್ರತಿಸಲ ಡ್ರಿಲ್ ಹಿಡಿಯಬೇಕಾಗುತ್ತದೆ.

ಸುತ್ತು ತಂತಿಯ ಬೀಗಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಕಟರ್‌ಗೆ ಅವು ಮುಗಿಯುತ್ತವೆ.

ಇವೆಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಕ್ಯಾರಿಯರನ್ನೇ. ಟೆಂಟು ಅಡ್ಡರಾಡಿಗೆ ಅಂಟಿದೆ ಸರಿ, ಅಡ್ಡರಾಡು ಕಾರಿಗೆ ಅಂಟಿರುವುದು ಯಾವುದರಿಂದ? ನಾಲ್ಕು ಕಾಲುಗಳಿಂದ. ಪ್ರತಿ ಕಾಲಿಗೂ ಪ್ಲಾಸ್ಟಿಕ್ಕಿನ ಮುಚ್ಚಳ, ಒಳಗೆ ಒಂದು ಅಲೆನ್ ಬೋಲ್ಟು. ಮುಚ್ಚಳಕ್ಕೆ ಬೀಗ ಕೂರಿಸಲು ತೂತು ಇರುತ್ತದೆ, ಎಷ್ಟೋ ಮಾದರಿಗಳಲ್ಲಿ ಬೀಗ ಮಾತ್ರ ಪ್ರತ್ಯೇಕ ಖರೀದಿ. ಆ ತೂತುಗಳನ್ನು ಖಾಲಿ ಬಿಟ್ಟವರ ಟೆಂಟಿನಡಿಯ ನಟ್ಟುಗಳು ಎಷ್ಟು ಬಲವಾಗಿದ್ದರೂ ಪ್ರಯೋಜನವಿಲ್ಲ. ಕ್ಯಾರಿಯರ್ ಸಮೇತ ಇಡೀ ಗಂಟೇ ಹೋಗುತ್ತದೆ.

ಇನ್ನು ಈಚಿನ ವರ್ಷಗಳ ದೊಡ್ಡ ಆಕರ್ಷಣೆ, ಸ್ಪ್ಯಾನರಿಲ್ಲದೆ ಬೇಗ ಬಿಚ್ಚಿ ಹಾಕಬಹುದಾದ ಹಿಡಿಕೆಗಳು. ಇಲ್ಲಿ ನನಗೆ ಗಟ್ಟಿಯಾದ ತಕರಾರಿದೆ. ಟೆಂಟನ್ನು ಬೇಗ ಇಳಿಸುವ ಸೌಲಭ್ಯ ಯಾರಿಗೆ ಬೇಕು? ಇಳಿಸಿ ಇಡಲು ಜಾಗ ಇರುವವರಿಗೆ. ಸ್ವಂತ ಮನೆ, ಸ್ವಂತ ಗ್ಯಾರೇಜು, ಸೂರಿಗೆ ರಾಟೆ ಕಟ್ಟಿ ಟೆಂಟನ್ನು ಮೇಲಕ್ಕೆಳೆದು ಬಿಡುವ ಅನುಕೂಲ ಇದ್ದವರಿಗೆ ಇದಕ್ಕಿಂತ ಒಳ್ಳೆಯ ರಕ್ಷಣೆ ಇನ್ನೊಂದಿಲ್ಲ. ಬಳಸದ ದಿನ ಟೆಂಟು ಬೀದಿಯಲ್ಲೇ ಇರುವುದಿಲ್ಲ. ಅಪಾರ್ಟ್‌ಮೆಂಟಿನ ಬಾಡಿಗೆದಾರರ ಸ್ಥಿತಿ ಬೇರೆ. ನೆಲಮಾಳಿಗೆಯ ಪಾರ್ಕಿಂಗ್ ಬಾಗಿಲಲ್ಲಿ ಎತ್ತರದ ಮಿತಿ 6 ಅಡಿ 8 ಇಂಚು ಎಂಬ ಫಲಕ ಸಾಮಾನ್ಯ. ಎಸ್‌ಯುವಿಯ ಮೇಲೆ ಕ್ಯಾರಿಯರ್, ಅದರ ಮೇಲೆ ಮಡಿಸಿದ ಟೆಂಟಿನ ಒಂದು ಅಡಿ ಸೇರಿದರೆ ಕಾರು ಆ ಬಾಗಿಲಲ್ಲಿ ನುಸುಳುವುದಿಲ್ಲ. ಕಾವಲು, ಕ್ಯಾಮೆರಾ ಎಲ್ಲ ಒಳಗೆ. ಟೆಂಟು ಹೊತ್ತ ಕಾರು ಹೊರಗೆ. ಹೀಗೆ ಬೀದಿಗೆ ಬಿದ್ದವರಿಗೂ ಅದೇ ಬೇಗ ಬಿಚ್ಚುವ ಹಿಡಿಕೆಯನ್ನು ಹೆಮ್ಮೆಯಿಂದ ಮಾರುವುದು ಅನ್ಯಾಯ. ಅವರಿಗೆ ಬೇಕಾದದ್ದು ನಿಧಾನವಾಗಿ, ಕಷ್ಟಪಟ್ಟು ಬಿಚ್ಚಬೇಕಾದ ಜೋಡಣೆ. ಅಂಥವರು ಕಾರನ್ನು ಗೋಡೆಗೆ ಒತ್ತಿ ನಿಲ್ಲಿಸಿದರೆ ಒಂದು ಬದಿಯ ನಟ್ಟುಗಳಿಗೆ ಕೈ ಹೋಗುವುದಿಲ್ಲ. ಕಾಸು ಖರ್ಚಿಲ್ಲದ ಈ ಉಪಾಯ ಹಲವು ಬೀಗಗಳಿಗಿಂತ ಮೇಲು.

2021ರಲ್ಲಿ, ವಸ್ತು ಎಲ್ಲಿದೆ ಎಂದು ತೋರಿಸುವ ಆಪಲ್‌ನ ಏರ್‌ಟ್ಯಾಗ್ ಬಂದ ಮೇಲೆ ಟೆಂಟಿನೊಳಗೆ ಒಂದನ್ನು ಹುದುಗಿಸಿಡುವವರು ಹೆಚ್ಚಾಗಿದ್ದಾರೆ. ತಪ್ಪೇನಿಲ್ಲ. ಆದರೆ ಎರಡು ಮಿತಿಗಳನ್ನು ಅರಿತಿರಬೇಕು. ಅಪರಿಚಿತ ಟ್ಯಾಗೊಂದು ತನ್ನ ಜೊತೆ ಸಾಗುತ್ತಿದೆ ಎಂದು ಕಳ್ಳನ ಫೋನಿಗೇ ಎಚ್ಚರಿಕೆ ಹೋಗುತ್ತದೆ. ಇತರರನ್ನು ಗುಟ್ಟಾಗಿ ಹಿಂಬಾಲಿಸುವ ದುರುಳರನ್ನು ತಡೆಯಲು ಮಾಡಿದ ಏರ್ಪಾಡು ಅದು, ಇರಲೇಬೇಕಾದದ್ದು. ಇನ್ನೊಂದು, ಮೇಲೂ ಕೆಳಗೂ ಅಲ್ಯೂಮಿನಿಯಂ ಹಲಗೆಯಿರುವ ಟೆಂಟುಗಳಲ್ಲಿ ಲೋಹ ರೇಡಿಯೊ ಅಲೆಯನ್ನು ತಡೆಯುತ್ತದೆ. ಹಾಸಿಗೆಯ ಅಡಿಯಲ್ಲಿ ಇಡುವ ಬದಲು ಬದಿಯ ಬಟ್ಟೆಯ ಮಡಿಕೆಯಲ್ಲಿ ಹೊಲಿದರೆ ಸಂಕೇತ ಹೊರಬೀಳುವ ಸಾಧ್ಯತೆ ಹೆಚ್ಚು. ಏನೇ ಆದರೂ ಟ್ಯಾಗು ಕಳವನ್ನು ತಡೆಯುವುದಿಲ್ಲ, ಕಳವಾದ ಮೇಲೆ ಪೊಲೀಸರಿಗೆ ತೋರಿಸಲು ಒಂದು ವಿಳಾಸ ಕೊಡುತ್ತದೆ, ಅಷ್ಟೆ.

ಕಂಪನಿಗಳು ನಿಜಕ್ಕೂ ಮಾಡಬಹುದಾದ ಒಂದು ಕೆಲಸವಿದೆ. ಕಾರಿನ ಚಾಸಿ ನಂಬರಿನಂತೆ ಟೆಂಟಿನ ಸಂಖ್ಯೆಯನ್ನೂ ತಳದ ಹಳಿಯ ಲೋಹದಲ್ಲೇ ಕೆತ್ತಬೇಕು. ಉಗುರಿಗೆ ಕಿತ್ತುಬರುವ ಸ್ಟಿಕ್ಕರಿನಿಂದ ಏನೂ ಸಾಬೀತಾಗುವುದಿಲ್ಲ. ಕದ್ದ ಟೆಂಟು ಹೋಗುವುದು ಹಳೆ ವಸ್ತುಗಳ ಆನ್‌ಲೈನ್ ಸಂತೆಗೆ. ಅಲ್ಲಿ ಕೊಳ್ಳುವ ಪ್ರಾಮಾಣಿಕನಿಗೂ ವಿಚಾರಿಸಿ ನೋಡಲು ಒಂದು ಸಂಖ್ಯೆ ಬೇಕು. ಅಮೆರಿಕದಲ್ಲಿ ಸೈಕಲ್‌ಗಳಿಗೆ ಬೈಕ್ ಇಂಡೆಕ್ಸ್‌ನಂಥ ನೋಂದಣಿ ಇರುವಾಗ, ಸಾಮಾನ್ಯ ಸೈಕಲ್ಲಿಗಿಂತ ಎಷ್ಟೋ ಪಟ್ಟು ಬೆಲೆಬಾಳುವ ಟೆಂಟಿಗೆ ಅಂಥ ರೂಢಿ ಬೆಳೆಯದಿರುವುದು ಕೊರತೆಯೇ. ಅಲ್ಲಿಯವರೆಗೆ ಮಾಲೀಕರೇ ಹಳಿಯ ಒಳಮೈಯಲ್ಲಿ, ಹಲಗೆಯ ಅಂಚಿನಲ್ಲಿ ಗುರುತು ಕೊರೆದು ಫೋಟೊ ತೆಗೆದಿಟ್ಟುಕೊಳ್ಳಬೇಕು.

ಆ ಫೋಟೊ, ಖರೀದಿ ರಸೀದಿ ಎರಡೂ ವಿಮೆಗೂ ಬೇಕಾಗುತ್ತವೆ. ಕಾರಿನ ವಿಮೆಯಿದೆ ಎಂದ ಮಾತ್ರಕ್ಕೆ ಟೆಂಟಿಗೂ ವಿಮೆಯಿದೆ ಎಂದು ತಿಳಿಯಬಾರದು. ಕಾರ್ಖಾನೆಯಿಂದ ಬಾರದೆ ಆಮೇಲೆ ಕೂರಿಸಿದ ಸಾಮಾನಿಗೆ ಹಲವು ಪಾಲಿಸಿಗಳಲ್ಲಿ ಪ್ರತ್ಯೇಕ ಮಿತಿ ಇರುತ್ತದೆ, ಆ ಮಿತಿ ಒಳ್ಳೆಯ ಟೆಂಟಿನ ಬೆಲೆಯ ಹತ್ತಿರಕ್ಕೂ ಬಾರದೆ ಇರಬಹುದು. ಟಾಪಿನಿಂದ ಇಳಿಸಿ ಗ್ಯಾರೇಜಿನಲ್ಲಿಟ್ಟಾಗ ಅದೇ ಟೆಂಟು ಮನೆಯ ಅಥವಾ ಬಾಡಿಗೆದಾರರ ಪಾಲಿಸಿಯ ವ್ಯಾಪ್ತಿಗೆ ಹೋಗಬಹುದು. ಯಾವಾಗ ಯಾವ ಪಾಲಿಸಿ ಅನ್ವಯಿಸುತ್ತದೆ, ಎಷ್ಟರವರೆಗೆ ಎಂಬುದನ್ನು ಏಜೆಂಟರಿಂದ ಬರಹದಲ್ಲಿ ಕೇಳಿ ಪಡೆಯಬೇಕು, ಮಿತಿ ಸಾಲದಿದ್ದರೆ ಹೆಚ್ಚಿನ ಕಂತು ಕಟ್ಟಿ ಏರಿಸಬೇಕು. ಇದನ್ನು ಟೆಂಟು ಕೊಂಡ ವಾರದಲ್ಲೇ ಮಾಡಬೇಕು.