‘ಕರ್ವಾಲೊ’ದ ಹಾರುವ ಓತಿ, ಗುಮ್ಮಘಟ್ಟದ ಓತಿಕ್ಯಾತ: ಜೀವವಿಕಾಸದ ಒಂದು ಓದು

ಪೀಠಿಕೆ ಬೆಳೆಸದೆ ಒಂದು ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ನಮ್ಮೂರು ರಾಯದುರ್ಗದ ಹತ್ತಿರದ ಗುಮ್ಮಘಟ್ಟ. ರಜೆಗೆ ಹೋದಾಗ ಅಕ್ಕನ ಮಗ ಕೇಳಿದ: “ಮಾವಾ, ಕೋತಿಯಿಂದ ಮನುಷ್ಯ ಆದ ಅಂತೀಯಲ್ಲ, ಮತ್ತೆ ಕೋತಿಗಳು ಇನ್ನೂ ಯಾಕೆ ಇದಾವೆ?” ನನ್ನ ಬಳಿ ಉತ್ತರ ಇರಲಿಲ್ಲ. ಜೀವವಿಕಾಸದ ಬಗ್ಗೆ ನನಗೆ ಆಸೆ ಹುಟ್ಟಿಸಿದ್ದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಹಾಗಾಗಿ ಉತ್ತರ ಹುಡುಕಿ ಮತ್ತೆ ಅದನ್ನೇ ಓದಿದೆ.

ಕಾದಂಬರಿಯ ದೊಡ್ಡ ಗುಣ ಎಲ್ಲರೂ ಬಲ್ಲದ್ದೇ: ವಿಜ್ಞಾನಿ ಕರ್ವಾಲೊಗೆ ದಾರಿ ತೋರಿಸುವ ಕಣ್ಣು ಹಳ್ಳಿಯ ಮಂದಣ್ಣನದು. ಆದರೆ ಹಾರುವ ಓತಿ ಅಲ್ಲಿ ಬರುವುದು ಕೋಟ್ಯಂತರ ವರ್ಷಗಳ ಆಚೆಯಿಂದ ಉಳಿದುಬಂದ ವಿಸ್ಮಯವಾಗಿ. ಆ ಬೆರಗಿನಿಂದ ನನ್ನ ತಲೆಯಲ್ಲಿ ಉಳಿದದ್ದು ಏಣಿಯ ಚಿತ್ರ: ಕೆಳಗೆ ಹಳೆಯ ಜೀವಿ, ಮೇಲೆ ಹೊಸದು. ‘ವಿಕಾಸ’ ಎಂಬ ಪದವೂ ಅರಳುವುದು, ಮುಂದುವರಿಯುವುದು ಎಂಬ ಅರ್ಥ ಕೊಟ್ಟು ಅದನ್ನೇ ಗಟ್ಟಿ ಮಾಡುತ್ತದೆ. ಹುಡುಗನ ಪ್ರಶ್ನೆ ಹುಟ್ಟಿದ್ದೂ ಈ ಏಣಿಯಿಂದಲೇ.

ನಿಜವಾದ ಹಾರುವ ಓತಿ ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಇವತ್ತೂ ಇದೆ. ನಮ್ಮೂರ ಬೇಲಿಯ ಮೇಲೆ ತಲೆ ಆಡಿಸುವ ಓತಿಕ್ಯಾತ ಅದೇ ಕುಟುಂಬದ್ದು, ಅಗಾಮಿಡೇ. ಇವೆರಡರಲ್ಲಿ ಯಾವುದೂ ಇನ್ನೊಂದರ ಅಜ್ಜ ಅಲ್ಲ. ಒಂದೇ ಮೂಲದಿಂದ ಕವಲೊಡೆದ ದಾಯಾದಿಗಳು. ಮರಿಗಳಲ್ಲಿ ಹುಟ್ಟಿನಿಂದ ಬರುವ ಸಣ್ಣ ವ್ಯತ್ಯಾಸಗಳಲ್ಲಿ ಆಯಾ ನೆಲೆಯಲ್ಲಿ ಬದುಕಿಗೆ ಒದಗಿದ್ದು ಮುಂದಿನ ಪೀಳಿಗೆಗೆ ಹೆಚ್ಚು ದಾಟುತ್ತದೆ. ಬೇರೆಯಾದ ಕವಲುಗಳಲ್ಲಿ ಇದು ಬೇರೆ ಬೇರೆ ರೀತಿ ನಡೆದಾಗ ವೈವಿಧ್ಯ ಹುಟ್ಟುತ್ತದೆ.

ಹಾರುವ ಓತಿಯ ‘ರೆಕ್ಕೆ’ಯನ್ನೇ ನೋಡಿ. ಅದು ಉದ್ದವಾದ ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮ. ತೇಲಲು ಸಾಕು, ಹಕ್ಕಿಯಂತೆ ಬಡಿಯಲಾಗದು. ಹಕ್ಕಿಯ ರೆಕ್ಕೆ ಮುಂಗಾಲಿನದು, ಬಾವಲಿಯದು ಉದ್ದನೆ ಬೆರಳುಗಳದು. ಪ್ರತಿ ಕವಲೂ ತನಗೆ ಪಿತ್ರಾರ್ಜಿತವಾಗಿ ಬಂದದ್ದನ್ನೇ ತಿದ್ದಿ ಬಳಸಿದೆ. ಬಾವಲಿಯ ಬೆರಳಿನ ಮೂಳೆಗಳು ನಮ್ಮ ಕೈಬೆರಳ ಮೂಳೆಗಳಿಗೆ ಹೊಂದುತ್ತವೆ. ಭೇದ, ನಂಟು ಎರಡನ್ನೂ ಒಂದೇ ಅಂಗ ತೋರಿಸುತ್ತದೆ.

ಇಷ್ಟನ್ನು ಹುಡುಗನಿಗೆ ಹೇಗೆ ಹೇಳೋದು? ನಮ್ಮೂರಲ್ಲಿ ಅದಕ್ಕೊಂದು ದಾರಿ ಇದೆ. ಅವನು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಆಡುವವನು. ಹಾಲು–ಪಾಲು, ಹುಲಿ–ಪುಲಿ, ಹಾವು–ಪಾಮು ಅಂತ ಜೋಡಿಸಿ ಕೇಳಿದೆ: “ಕನ್ನಡ ತೆಲುಗಿನಿಂದ ಹುಟ್ಟಿತೇನೋ?” “ಇಲ್ಲ ಮಾವಾ, ಎರಡೂ ಅಕ್ಕತಂಗೀರಿದ್ದಂಗೆ” ಅಂದ. “ಹಂಗಾದ್ರೆ ಕನ್ನಡ ಇರೋವಾಗ ತೆಲುಗು ಇನ್ನೂ ಯಾಕೆ ಇದೆ ಅಂತ ಕೇಳ್ತೀಯಾ?” ನಕ್ಕುಬಿಟ್ಟ. ಇಂದಿನ ಕೋತಿಯೂ ನಾವೂ ಹಾಗೆಯೇ, ಸುಮಾರು 2.5 ಕೋಟಿ ವರ್ಷಗಳ ಹಿಂದೆ ಕವಲಾದವರು. ಭಾಷೆಗಳ ವಂಶಾವಳಿಯ ಹೋಲಿಕೆಯನ್ನು ಡಾರ್ವಿನ್ 1859ರ ತನ್ನ ಗ್ರಂಥದಲ್ಲೇ ಬಳಸಿದ್ದ. ಆದರೆ ಹೋಲಿಕೆಗೆ ಮಿತಿಯಿದೆ: ಭಾಷೆಗಳು ನೆರೆಯವರಿಂದ ಪದ ಸಾಲ ತರುತ್ತವೆ, ಓತಿಕ್ಯಾತ ಪಕ್ಕದ ಹಕ್ಕಿಯಿಂದ ರೆಕ್ಕೆ ಸಾಲ ತರಲಾರದು.

‘ಕರ್ವಾಲೊ’ ಕೊನೆಯಲ್ಲಿ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿಹೋಗುತ್ತದೆ. ಆ ಬೆರಗು ಇರಲಿ. ಆದರೆ ತರಗತಿಯಲ್ಲಿ ಕಾದಂಬರಿ ಪಾಠ ಮಾಡುವಾಗ ಬೇಲಿಯ ಓತಿಕ್ಯಾತವನ್ನೂ ಜೊತೆಗೆ ತೋರಿಸೋಣ ಅನ್ನೋದು ನನ್ನ ಮನವಿ. ನಂಟು ಕಂಡ ಮೇಲೆ ಹುಡುಗರು ಅದಕ್ಕೆ ಕಲ್ಲು ಹೊಡೆಯೋ ಮೊದಲು ಒಂದು ಕ್ಷಣ ನಿಲ್ಲಬಹುದು. ನಮ್ಮ ಹುಡುಗ ಈಗ ನಿಲ್ಲುತ್ತಾನೆ.