ಹಾಲು ಕೊಡದ ಕುದುರೆಗೆ ಪಾಲಿನ ಮನೆ

ಬಂಗಾರಪೇಟೆ, ಕೆಜಿಎಫ್ ಸುತ್ತಿನ ಹಳ್ಳಿಗಳಲ್ಲಿ ದನ, ಕುರಿ, ಮೇಕೆಗಳನ್ನು ಪಾಲಿಗೆ ಕೊಡುವುದು ಹಳೆಯ ರೂಢಿ. ದುಡ್ಡಿದ್ದು ಮೇಯಿಸಲು ಆಳಿಲ್ಲದವರು ಕಡಸೊಂದನ್ನು ತಂದು, ಆಳಿದ್ದು ದುಡ್ಡಿಲ್ಲದ ಮನೆಯಲ್ಲಿ ಕಟ್ಟುತ್ತಾರೆ. ಹುಟ್ಟಿದ್ದರಲ್ಲಿ ಅರ್ಧ, ಇಲ್ಲವೇ ಮಾರಿದಾಗ ಬಂದ ಲಾಭದಲ್ಲಿ ಅರ್ಧ. ಕಾಗದವಿಲ್ಲ, ರುಜುವಿಲ್ಲ, ಊರಿನ ಇಬ್ಬರು ಹಿರಿಯರ ಎದುರು ಆಡಿದ ಮಾತು ಸಾಕು. ಈ ಪದ್ಧತಿ ಇಷ್ಟು ಕಾಲ ಬಾಳಿದ್ದು ಬರೀ ನಂಬಿಕೆಯಿಂದಲ್ಲ. ಪ್ರಾಣಿ ಸೊರಗಿದರೆ ಸಾಕಿದವನಿಗೂ ನಷ್ಟ ಎಂಬ ಲೆಕ್ಕ ಅದನ್ನು ಕಾದಿದೆ.

ಮಗುವಿಗೆಂದು ತೋಟದ ಮನೆಯಲ್ಲಿ ಟಟ್ಟು ಕುದುರೆ ಕಟ್ಟಿದ ಕುಟುಂಬಕ್ಕೂ ಒಂದು ದಿನ ಇದೇ ದಾರಿ ಹೊಳೆಯುತ್ತದೆ. ಮಗು ಬೆಳೆಯುತ್ತದೆ, ಟಟ್ಟು ಬೆಳೆಯುವುದಿಲ್ಲ. ಕುದುರೆಯ ಬೆನ್ನ ಮೇಲೆ ಅದರ ತೂಕದ ಐದನೇ ಒಂದು ಭಾಗಕ್ಕಿಂತ ಹೆಚ್ಚು ಹೇರಬಾರದು ಎಂಬುದು ಸವಾರರು ಸಾಮಾನ್ಯವಾಗಿ ಪಾಲಿಸುವ ಮಿತಿ. 200 ಕಿಲೋ ಟಟ್ಟುವಿಗೆ ಜೀನು ಸೇರಿ 40 ಕಿಲೋ. ಮಗು ಆ ಮಿತಿ ದಾಟಿದಾಗ ಕುದುರೆ ಇನ್ನೂ ನಡುವಯಸ್ಸಿನಲ್ಲಿರುತ್ತದೆ. ಚೆನ್ನಾಗಿ ಸಾಕಿದ ಟಟ್ಟು 25–30 ವರ್ಷ ಬದುಕುತ್ತದೆ. ಮಾರಲು ಮನಸ್ಸಿಲ್ಲ, ಸಾಕಲು ಯಾರಿಗಾದರೂ ಕೊಟ್ಟು, ಒಡೆತನ ಉಳಿಸಿಕೊಂಡರೆ?

ಯೋಚನೆ ಒಳ್ಳೆಯದೇ. ಆದರೆ ಪಾಲಿನ ರೂಢಿಯನ್ನು ಇದ್ದ ಹಾಗೆಯೇ ಕುದುರೆಗೆ ಹಚ್ಚಿದರೆ ಅದು ನಿಲ್ಲುವುದಿಲ್ಲ. ಹಂಚಿಕೊಳ್ಳಲು ಹಾಲಿಲ್ಲ, ಮರಿಯಿಲ್ಲ. ಸಾಕುವವನು ತಿಂಗಳು ತಿಂಗಳೂ ಕೈಯಿಂದ ಹಾಕಬೇಕು. ಆಗ ಉಳಿಯುವ ಆದಾಯ ಎರಡೇ: ಮದುವೆ ಮೆರವಣಿಗೆಯ ಬಾಡಿಗೆ, ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿ ಸುತ್ತಿಸುವ ಬಾಡಿಗೆ. ವಾಲಗ, ಪಟಾಕಿ, ಡಾಂಬರು ರಸ್ತೆ, ಮಧ್ಯರಾತ್ರಿಯವರೆಗೆ ನಿಲ್ಲುವುದು. ಒಂದೇ ಮಗುವಿಗೆ ಒಗ್ಗಿದ ಪ್ರಾಣಿಗೆ ಇದು ಹಿಂಸೆ. ಬಡ ಸಾಕಣೆದಾರನನ್ನು ಇದಕ್ಕೆ ದೂರಲಾರೆ. ಖರ್ಚನ್ನು ಅವನ ತಲೆಗೆ ಕಟ್ಟಿ ಹೋದವರೇ ಈ ದಾರಿಗೆ ಅವನನ್ನು ನೂಕಿದ್ದು.

ಇನ್ನೂ ದೊಡ್ಡ ಅಪಾಯ ಮೇವಿನಲ್ಲಿದೆ. ಕೋಲಾರ ಹಾಲಿನ ಜಿಲ್ಲೆ. ಹಸು ಸಾಕುವುದನ್ನು ಇಲ್ಲಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹಸುವಿಗೆ ಒಗ್ಗಿದ್ದು ಕುದುರೆಗೆ ಒಗ್ಗುವುದಿಲ್ಲ. ಹಸು ಮೆಲುಕು ಹಾಕುತ್ತದೆ, ಕುದುರೆ ಹಾಕುವುದಿಲ್ಲ. ತಿಂದದ್ದು ಕೆಟ್ಟರೆ ವಾಂತಿ ಮಾಡಲೂ ಅದಕ್ಕಾಗದು. ಹೊಟ್ಟೆ ಶೂಲೆ ಬಂದರೆ ಒಂದೇ ರಾತ್ರಿಯಲ್ಲಿ ಸಾಯಬಹುದು. ಪ್ರೀತಿಯಿಂದ ಬಕೆಟ್ಟುಗಟ್ಟಲೆ ಕಲಸಿಡುವ ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ಜೊತೆಗೆ ದಿನವೂ ನೇಪಿಯರ್ ಹುಲ್ಲು ಹಾಕಿದರೆ ಅದರ ಆಕ್ಸಲೇಟ್ ಇದ್ದ ಸುಣ್ಣವನ್ನೂ ಮೈಗೆ ಹತ್ತಗೊಡುವುದಿಲ್ಲ. ಕ್ರಮೇಣ ಮೂಳೆ ಮೆತ್ತಗಾಗಿ ಮುಖ ಊದಿಕೊಳ್ಳುತ್ತದೆ. ಕೆಲವು ದನದ ಮತ್ತು ಕೋಳಿಯ ಆಹಾರಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕುದುರೆಯ ಹೃದಯವನ್ನೇ ಕೆಡಿಸುತ್ತದೆ. ಗರಿಕೆ, ಧೂಳಿಲ್ಲದ ಒಣಹುಲ್ಲು, ಕೆಲಸವಿದ್ದ ದಿನ ಒಂದಿಷ್ಟು ಬೇಯಿಸಿದ ಹುರುಳಿ, ಸದಾ ಶುದ್ಧ ನೀರು: ಟಟ್ಟುವಿಗೆ ಬೇಕಾದದ್ದು ಇಷ್ಟೇ. ಕೊಬ್ಬಿದ ಟಟ್ಟುವಿನ ಗೊರಸಿನೊಳಗೆ ಉರಿಯೂತ ಬಂದು ಅದು ಕುಂಟುತ್ತದೆ. ಇಲ್ಲಿ ಧಾರಾಳತನವೂ ಕೇಡೇ.

ಕೆಜಿಎಫ್‌ನಲ್ಲಿ ನೆಲವನ್ನೂ ನೋಡಬೇಕು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು, ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ದಿಬ್ಬಗಳು ಉಳಿದವು. ಗಾಳಿಗೆ ಹಾರಿ, ಮಳೆಗೆ ಕೊಚ್ಚಿ ಬರುವ ಆ ನುಣ್ಣನೆಯ ಮಣ್ಣು ಕೂತ ಹುಲ್ಲನ್ನು ಬುಡದವರೆಗೂ ಕಚ್ಚಿ ಮೇಯುವ ಕುದುರೆಯ ಕರುಳಲ್ಲಿ ಮರಳು ಶೇಖರವಾಗುತ್ತದೆ. ದಿಬ್ಬದ ಬುಡದ ಬಯಲು ಎಷ್ಟೇ ವಿಶಾಲವಾಗಿ ಕಂಡರೂ ಅಲ್ಲಿ ಕುದುರೆ ಬಿಡುವುದನ್ನು ನಾನು ಒಪ್ಪುವುದಿಲ್ಲ.

ಹೈದರಾಲಿ ಹುಟ್ಟಿದ ಊರೆಂದು ಹೇಳುವ ಬೂದಿಕೋಟೆ ಬಂಗಾರಪೇಟೆ ತಾಲ್ಲೂಕಿನದೇ. ಕುದುರೆ ದಂಡಿನ ನೆನಪಿರುವ ಸೀಮೆ ಇದು. ಆದರೆ ಜಟಕಾಗಳು ಆಟೋಗಳಿಗೆ ಜಾಗ ಬಿಟ್ಟ ಮೇಲೆ ಲಾಳ ಕಟ್ಟುವ ಕೈಗಳು ವಿರಳವಾದವು. ಆರೆಂಟು ವಾರಕ್ಕೊಮ್ಮೆ ಗೊರಸು ಕೆತ್ತಬೇಕಾದ ಪ್ರಾಣಿಗೆ ಇದು ಸಣ್ಣ ಕೊರತೆಯಲ್ಲ.

ಬೆಳೆದ ಮಕ್ಕಳ ಟಟ್ಟುವನ್ನು ಎರವಲು ಕೊಡುವ ಪದ್ಧತಿ ಬ್ರಿಟನ್ನಿನಲ್ಲಿ ಬೇರೂರಿದೆ. ಅಲ್ಲಿ ಅದಕ್ಕೆ ಒಂದು ವ್ಯವಸ್ಥೆಯಿದೆ. 1927ರಲ್ಲಿ ಆರಂಭವಾಗಿ ಈಗ ವರ್ಲ್ಡ್ ಹಾರ್ಸ್ ವೆಲ್ಫೇರ್ ಎನಿಸಿಕೊಂಡಿರುವ ಸಂಸ್ಥೆ ತಾನು ಮನೆ ಹುಡುಕಿಕೊಟ್ಟ ಕುದುರೆಗಳ ಒಡೆತನ ಬಿಟ್ಟುಕೊಡದೆ, ತನ್ನವರನ್ನು ಕಳಿಸಿ ನೋಡಿಸುತ್ತದೆ. 2020ರಿಂದ ಇಂಗ್ಲೆಂಡಿನಲ್ಲಿ ಕುದುರೆಗಳಿಗೆ ಮೈಕ್ರೋಚಿಪ್ ಕಡ್ಡಾಯ. ಇಷ್ಟಿದ್ದೂ ಎರವಲು ಪಡೆದವರು ಕುದುರೆ ಮಾರಿಬಿಟ್ಟ ದೂರುಗಳು ಅಲ್ಲಿಯೂ ಉಂಟು. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, ಹಸಿವು ಬಾಯಾರಿಕೆಗೆ ಪ್ರಾಣಿಯನ್ನು ತೊರೆಯುವುದನ್ನು ಅಪರಾಧ ಎನ್ನುತ್ತದೆ. ಮೊದಲ ಸಲದ ದಂಡ 50 ರೂಪಾಯಿ ಮೀರುವುದಿಲ್ಲ. ಇಂಥ ಕಾನೂನನ್ನು ನಂಬಿ ಯಾರೂ ಕುದುರೆ ಕೊಡಬಾರದು.

ಹಾಗಾದರೆ ಇಲ್ಲಿ ಏನು ನಡೆಯುತ್ತದೆ? ಪಾಲಿನ ಪದ್ಧತಿಯಿಂದ ಸಾಕ್ಷಿಯನ್ನು ತೆಗೆದುಕೊಳ್ಳಬೇಕು: ಊರಿನ ನಾಲ್ಕು ಜನಕ್ಕೆ ಕುದುರೆಯ ಗುರುತು, ಒಡೆಯರ ಫೋನ್ ನಂಬರು ಗೊತ್ತಿರಬೇಕು. ಬ್ರಿಟನ್ನಿನಿಂದ ಬರಹದ ಒಪ್ಪಂದವನ್ನು ತೆಗೆದುಕೊಳ್ಳಬೇಕು: ಮೂರನೆಯವರಿಗೆ ಕೊಡುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ, ಹೇಳದೆ ಬಂದು ನೋಡುವ ಹಕ್ಕು ಒಡೆಯರಿಗಿದೆ. ಮೇವು, ಲಾಳ, ಧನುರ್ವಾಯು ಚುಚ್ಚುಮದ್ದು, ಡಾಕ್ಟರ ಖರ್ಚು ಒಡೆಯರದೇ. ಸಾಕುವವರಿಗೆ ಸಂಬಳ ಬೇರೆ. ಹುಟ್ಟುವುದನ್ನು ಹಂಚಿಕೊಳ್ಳಲಾಗದ ಕಡೆ ಖರ್ಚನ್ನು ಹೊತ್ತುಕೊಳ್ಳುವುದೊಂದೇ ನ್ಯಾಯ. ಹಟ್ಟಿಯಲ್ಲಿ ಇನ್ನೊಂದು ಕುದುರೆಯೋ ಕತ್ತೆಯೋ ಇದ್ದರೆ ಆ ಮನೆಗೇ ನನ್ನ ಮೊದಲ ಮತ. ಒಂಟಿ ಕುದುರೆ ಮಂಕಾಗುತ್ತದೆ. ಬೆಂಗಳೂರಿನವರಿಗೆ ಬಂಗಾರಪೇಟೆಯ ಅನುಕೂಲವೆಂದರೆ ಬೆಳಿಗ್ಗೆ ರೈಲು ಹತ್ತಿ ಬಂದು, ನೋಡಿಕೊಂಡು, ಸಂಜೆಗೆ ಮರಳಬಹುದು. ಅದಕ್ಕಿಂತ ದೂರದ ಮನೆ ಎಷ್ಟೇ ಚೆನ್ನಾಗಿರಲಿ, ನೋಡಲು ಹೋಗುವುದು ವರ್ಷದೊಳಗೇ ನಿಂತುಹೋಗುತ್ತದೆ.

ಒಪ್ಪಂದ ಬರೆಯುವವರು ಮರೆಯುವ ಸಾಲೊಂದಿದೆ. ಸಾಕುವ ಮನೆಯಲ್ಲಿ ಕಾಯಿಲೆ, ಸಾವು, ಊರು ಬಿಡುವ ಸಂದರ್ಭ ಬಂದರೆ ಕುದುರೆ ಎಷ್ಟು ದಿನದೊಳಗೆ ಯಾರ ಲಾಯಕ್ಕೆ ಮರಳಬೇಕು, ಅದರ ಕೊನೆಗಾಲದಲ್ಲಿ ಡಾಕ್ಟರನ್ನು ಕರೆಸಿ ತೀರ್ಮಾನ ಹೇಳುವವರು ಯಾರು. ಕುದುರೆ ಹಟ್ಟಿಗೆ ಬರುವ ಮೊದಲೇ, ಎರಡೂ ಮನೆಯವರು ಕೂತು ಇದನ್ನು ಬರೆದಿಡಬೇಕು.