46 ಟನ್ನಿನೊಳಗೆ ನಾಲ್ಕು ಜನ

ಸೋವಿಯತ್ ಹೆವಿ ಟ್ಯಾಂಕ್‌ಗಳ ಬಗ್ಗೆ ವಿಡಿಯೋ ಮಾಡುವವರಿಗೆಲ್ಲ ಒಂದು ಚಾಳಿ. ಉಕ್ಕು ಎಷ್ಟು ದಪ್ಪ, ಫಿರಂಗಿ ಎಷ್ಟು ಮಿಲಿಮೀಟರು, ಇಂಜಿನ್ ಎಷ್ಟು ಹಾರ್ಸ್‌ಪವರು. ಹೊಸ ಫೋನಿನ ಸ್ಪೆಕ್ ಓದಿದ ಹಾಗೆ ಓದಿ ಮುಗಿಸ್ತಾರೆ. ಒಳಗೆ ಕೂತವನ ಪಾಡೇನು ಅಂತ ಕೇಳೋರು ಕಡಿಮೆ.

1944ರಲ್ಲಿ ಯುದ್ಧಕ್ಕಿಳಿದ ಐಎಸ್-2 ತಗೊಳ್ಳಿ. 46 ಟನ್ ತೂಕ, 122 ಮಿ.ಮೀ. ಫಿರಂಗಿ, ಮುಂಭಾಗದಲ್ಲಿ 120 ಮಿ.ಮೀ. ಉಕ್ಕು. ಜರ್ಮನ್ನರ ಟೈಗರ್ 57 ಟನ್ ಇದ್ದೂ ಅದರ ಫಿರಂಗಿ 88, ಉಕ್ಕು 100. ಹನ್ನೊಂದು ಟನ್ ಉಳಿಸಿದ್ದು ಹೇಗೆ? ಒಳಗಿನ ಜಾಗ ಕತ್ತರಿಸಿ. ಟೈಗರ್‌ನಲ್ಲಿ 92 ಗುಂಡು ಹಿಡಿಸುತ್ತಿದ್ದವು, ಇದರಲ್ಲಿ 28 ಮಾತ್ರ. ಒಂದೊಂದು ಗುಂಡೂ ಸುಮಾರು 25 ಕೆ.ಜಿ., ಅಂದರೆ ಅರ್ಧ ಮೂಟೆ ಸಿಮೆಂಟು. ಮೊದಲು ಗುಂಡು ತುರುಕಬೇಕು, ಆಮೇಲೆ ಮದ್ದಿನ ಕೊಳವೆ. ನಿಮಿಷಕ್ಕೆ ಎರಡು ಮೂರು ಸಲ ಹೊಡೆದರೆ ಹೆಚ್ಚು. ಚಾಲಕನಿಗಂತೂ ತಲೆಯ ಮೇಲೆ ಸ್ವಂತದ ಬಾಗಿಲೇ ಇಲ್ಲ.

ಹಾಗಂತ ಇದು ಕೆಟ್ಟ ವಿನ್ಯಾಸ ಅನ್ನಲಾರೆ. ಇದರ ಮುಖ್ಯ ಕೆಲಸ ಭದ್ರಪಡಿಸಿದ ಶತ್ರುಸಾಲು ಒಡೆಯೋದು, ಬಂಕರ್ ಪುಡಿ ಮಾಡೋದು. ಅದಕ್ಕೆ ದೊಡ್ಡ ಗುಂಡೇ ಬೇಕು. ಆ ಗಾತ್ರದ ಫಿರಂಗಿ ಮೊದಲೇ ತಯಾರಾಗ್ತಿತ್ತು, ಇಂಜಿನ್ ಟಿ-34ರ ವಂಶದ್ದೇ. ನಮ್ಮ ಹೆಬ್ಬೂರಿನ ಕಡೆ ಟ್ರ್ಯಾಕ್ಟರ್ ತಗೊಳ್ಳೋನು ಮೊದಲು ಕೇಳೋದು, “ಸ್ಪೇರು ತುಮಕೂರಲ್ಲಿ ಸಿಗುತ್ತಾ?” ಅಂತ. ಅದೇ ಲೆಕ್ಕ ಇದು.

ಕೆವಿ-1ಕ್ಕೆ ಈ ಸಮರ್ಥನೆಯೂ ಸಿಗಲ್ಲ. 45 ಟನ್ ಹೊತ್ತೂ ಅದರ ಫಿರಂಗಿ ಹಗುರವಾದ ಟಿ-34ರಲ್ಲಿದ್ದ 76 ಮಿ.ಮೀ. ಗಾತ್ರದ್ದೇ. ಜೊತೆಗೆ ಗೇರುಪೆಟ್ಟಿಗೆಯ ಕಾಟ ಬೇರೆ. ಕೆವಿ-2ಕ್ಕೆ 152 ಮಿ.ಮೀ. ಹೊವಿಟ್ಜರ್ ಕೂರಿಸಿ ಗೋಪುರ ಎಷ್ಟು ಭಾರ ಮಾಡಿದರು ಅಂದ್ರೆ, ಇಳಿಜಾರಿನಲ್ಲಿ ನಿಂತರೆ ತಿರುಗಿಸೋದೇ ಕಷ್ಟ. ತೂಕಕ್ಕೋಸ್ಕರ ತೂಕ.

ನಮ್ಮ ಸೇನೆ ಈ ಹೆವಿಗಳನ್ನು ಕೊಳ್ಳಲಿಲ್ಲ. ಆದರೆ ಅದೇ ಬುದ್ಧಿಯ ಮಗುವನ್ನು ಮಡಿಕೇರಿಯಲ್ಲಿ ನೋಡಬಹುದು. 2021ರಲ್ಲಿ ಉದ್ಘಾಟನೆಯಾದ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಟಿ-55 ನಿಂತಿದೆ. ಸುಮಾರು 36 ಟನ್ನಿನ ಮಧ್ಯಮ ಟ್ಯಾಂಕು, 100 ಮಿ.ಮೀ. ಫಿರಂಗಿ. ಶತ್ರುವಿಗೆ ಕಾಣದಿರಲಿ ಅಂತ ಗೋಪುರ ತಗ್ಗಿಸಿದರು, ಸರಿಯೇ. ಆದರೆ ಚಾವಣಿ ತಗ್ಗಿದ್ದರಿಂದ ಫಿರಂಗಿಯ ಮೂತಿ ಐದು ಡಿಗ್ರಿಯಷ್ಟೇ ಕೆಳಗೆ ಬಾಗುತ್ತೆ. ದಿಬ್ಬದ ಹಿಂದೆ ಅಡಗಿ ಕೆಳಕ್ಕೆ ಹೊಡೆಯಬೇಕಂದ್ರೆ ಟ್ಯಾಂಕೇ ಮೇಲೇರಿ ಮೈ ತೋರಿಸಬೇಕು. ಗುಂಡು ತುಂಬುವವನು ಕೂರೋದು ಬಲಗಡೆ. ಹಾಗಾಗಿ ಮೂವತ್ತು ಕೆ.ಜಿ.ಯಷ್ಟು ಭಾರದ ಗುಂಡನ್ನು ಅವನು ಎಡಗೈಯಿಂದ ಒಳಗೆ ತಳ್ಳಬೇಕು.

ಎಲ್ಲ ವಿನ್ಯಾಸದಲ್ಲೂ ಯಾವುದನ್ನೋ ಬಿಟ್ಟುಕೊಡಲೇಬೇಕು, ಅದು ನಮ್ಮ ಕೆಲಸದಲ್ಲೂ ಗೊತ್ತಿರೋದೇ. ಆದರೆ ಪ್ರತಿ ಸಲವೂ ಬಿಟ್ಟುಕೊಟ್ಟದ್ದು ಒಳಗಿದ್ದವನ ಜಾಗವನ್ನೇ, ಮತ್ತು ಸ್ಪೆಕ್ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇಲ್ಲ. ಮಡಿಕೇರಿಗೆ ಹೋದಾಗ ಸೆಲ್ಫಿ ತಗೊಳ್ಳಿ, ಬೇಡ ಅನ್ನಲ್ಲ. ಒಂದು ಸಲ ಆ ಗೋಪುರದ ಎತ್ತರವನ್ನೂ ನೋಡಿ. ಅದರೊಳಗೆ ಮೂವರು ಕೂತು ಯುದ್ಧ ಮಾಡಬೇಕಿತ್ತು.